ಉಲ್ಲೇಖಗಣನೆ: ಸಂಶೋಧಕರ ಪ್ರಕಟಣೆಗಳೂ ಅವುಗಳ ಅಳತೆಯೂ

ಸಂಶೋಧಕರೊಬ್ಬರ ಲೇಖನ, ಗ್ರಂಥಗಳನ್ನು ಬೇರೆ ಸಂಶೋಧಕರು ತಮ್ಮ ಬರಹಗಳ ಅಡಿಟಿಪ್ಪಣಿಯಲ್ಲೋ ಆಕರಸೂಚಿಯಲ್ಲೋ ಎಷ್ಟು ಸಲ ಹೆಸರಿಸಿದ್ದಾರೆ ಎಂದು ಎಣಿಸಿ, ಅದರಿಂದ ಆ ಕೆಲಸದ ಪ್ರಭಾವವನ್ನು ಅಂದಾಜು ಮಾಡುವ ಕ್ರಮವೇ ಉಲ್ಲೇಖಗಣನೆ. ವಿಶ್ವವಿದ್ಯಾಲಯಗಳ ಅಧ್ಯಾಪಕರು ಮಾತಿನಲ್ಲಿ ಇದನ್ನು ಸೈಟೇಷನ್ ಎಂದೇ ಕರೆಯುತ್ತಾರೆ. ನೇಮಕಾತಿ, ಬಡ್ತಿ, ಅನುದಾನ, ಪ್ರಶಸ್ತಿ, ಸಂಸ್ಥೆಗಳ ಶ್ರೇಯಾಂಕ ಇವೆಲ್ಲವೂ ಈಗ ಈ ಎಣಿಕೆಗೆ ತಳುಕು ಹಾಕಿಕೊಂಡಿವೆ. ನಮ್ಮ ಜಿಲ್ಲೆಯ ಪ್ರಾಧ್ಯಾಪಕರು ಸ್ಟ್ಯಾನ್‌ಫರ್ಡ್ ಪಟ್ಟಿಯಲ್ಲಿದ್ದಾರೆ ಎಂದು ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ವರ್ಷಕ್ಕೊಮ್ಮೆ ಬರುವ ಸುದ್ದಿಯ ಹಿಂದೆಯೂ ಇರುವುದು ಇದೇ ಲೆಕ್ಕ. ಆದರೆ ಉಲ್ಲೇಖವೆಂಬುದು ಎಲ್ಲ ಜ್ಞಾನಶಾಖೆಗಳಲ್ಲೂ ಒಂದೇ ಬೆಲೆಗೆ ಚಲಾವಣೆಯಾಗುವ ನಾಣ್ಯವಲ್ಲ. ಜೀವರಸಾಯನಶಾಸ್ತ್ರದಲ್ಲಿ ನೂರು ಉಲ್ಲೇಖ ಎಂದರೆ ಸಾಧಾರಣ ಯಶಸ್ಸು. ಶುದ್ಧ ಗಣಿತದಲ್ಲಿ ಅಷ್ಟೇ ಉಲ್ಲೇಖ ಸಿಕ್ಕರೆ ಅದು ಗಮನಾರ್ಹ ಸಾಧನೆ. ಹಳಗನ್ನಡ ಗ್ರಂಥಸಂಪಾದನೆಯಲ್ಲಿ ದುಡಿದವರಿಗೆ ಈ ಲೆಕ್ಕದಲ್ಲಿ ಸೊನ್ನೆಯೇ ಬರಬಹುದು.

ಹಿನ್ನೆಲೆ

ಉಲ್ಲೇಖಗಳ ಪಟ್ಟಿ ಇಡುವ ಅಭ್ಯಾಸ ಮೊದಲು ಬೇಕಾದದ್ದು ವಕೀಲರಿಗೆ. ಹಿಂದಿನ ಒಂದು ತೀರ್ಪನ್ನು ಮುಂದಿನ ನ್ಯಾಯಾಲಯಗಳು ಎತ್ತಿಹಿಡಿದಿವೆಯೋ ತಳ್ಳಿಹಾಕಿವೆಯೋ ಎಂದು ತಿಳಿಯದೆ ಅದನ್ನು ನಂಬಿ ವಾದ ಮಂಡಿಸುವಂತಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರ್ಯಾಂಕ್ ಶೆಪರ್ಡ್ 1873ರಲ್ಲಿ ಹೊರತರತೊಡಗಿದ ಸೂಚಿ ಈ ತೊಂದರೆಯನ್ನು ನೀಗಿಸಿತು. ವಿಜ್ಞಾನದ ಕಡೆಗೆ ಬಂದರೆ, 1927ರಲ್ಲಿ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನವನ್ನು ಮೊದಲು ನೆನೆಯುತ್ತಾರೆ. ಅವರಿಗಿದ್ದ ಪ್ರಶ್ನೆ ಬಹಳ ಸರಳ: ಸಣ್ಣ ಕಾಲೇಜಿನ ಗ್ರಂಥಾಲಯದಲ್ಲಿ ದುಡ್ಡು ಕಡಿಮೆ, ಹಾಗಿರುವಾಗ ರಸಾಯನಶಾಸ್ತ್ರದ ಯಾವ ಪತ್ರಿಕೆಗಳಿಗೆ ಚಂದಾ ಕಟ್ಟಬೇಕು? ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯ 1926ರ ಸಂಪುಟವನ್ನು ಮುಂದಿಟ್ಟುಕೊಂಡು, ಅದರಲ್ಲಿ ಯಾವ ಯಾವ ಪತ್ರಿಕೆಗಳ ಹೆಸರು ಎಷ್ಟೆಷ್ಟು ಬಾರಿ ಬಂದಿದೆ ಎಂದು ಅವರು ಎಣಿಸಿದರು. ಆಗ ಜರ್ಮನ್ ಪತ್ರಿಕೆಗಳ ಮೇಲುಗೈ ಎದ್ದು ಕಂಡಿತು. ಅವರು ಅಳೆಯಲು ಹೊರಟದ್ದು ಪತ್ರಿಕೆಗಳನ್ನು, ವ್ಯಕ್ತಿಗಳನ್ನಲ್ಲ.

ವ್ಯಕ್ತಿಗಳ ಲೆಕ್ಕ ಹಿಡಿದವರು ಆಲ್ಫ್ರೆಡ್ ಲೋಟ್ಕಾ. 1926ರಲ್ಲಿ ಅವರು ಕಂಡುಕೊಂಡ ನಿಯಮದ ಪ್ರಕಾರ, ಒಂದು ಕ್ಷೇತ್ರದಲ್ಲಿ ಒಂದೇ ಲೇಖನ ಬರೆದವರು ನೂರು ಮಂದಿಯಿದ್ದರೆ ಎರಡು ಬರೆದವರು ಸುಮಾರು ಇಪ್ಪತ್ತೈದು, ಮೂರು ಬರೆದವರು ಸುಮಾರು ಹನ್ನೊಂದು ಮಂದಿ. ಹೆಚ್ಚಿನವರದು ಸ್ವಲ್ಪವೇ ಬರವಣಿಗೆ, ಕೆಲವೇ ಮಂದಿಯದು ರಾಶಿ. ಈ ಓರೆ ಹಂಚಿಕೆ ಉಲ್ಲೇಖಗಳಲ್ಲಿ ಇನ್ನೂ ಬಿರುಸಾಗಿ ಕಾಣುತ್ತದೆ.

ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರವನ್ನು ಹೂಡಬೇಕು ಎಂಬ ಸಲಹೆ ಭಾರತದಿಂದಲೂ ಹೋಗಿತ್ತು. ಎಸ್.ಆರ್. ರಂಗನಾಥನ್ 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ಸೇರಿದ್ದ ಗ್ರಂಥಪಾಲಕರ ಸಮ್ಮೇಳನದಲ್ಲಿ ಇದಕ್ಕೆ 'ಲೈಬ್ರಮೆಟ್ರಿ' ಎಂಬ ಹೆಸರನ್ನು ಸೂಚಿಸಿದರು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರ ಇಂದಿಗೂ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ನಡೆಯುತ್ತಿದೆ. 'ಬಿಬ್ಲಿಯೊಮೆಟ್ರಿಕ್ಸ್' ಎಂಬ ಹೆಸರು ಬಳಕೆಗೆ ಬಂದದ್ದು 1969ರಲ್ಲಿ, ಆಲನ್ ಪ್ರಿಚರ್ಡ್ ಅವರಿಂದ. 'ಸೈಂಟೊಮೆಟ್ರಿಕ್ಸ್' ಎಂಬ ಪತ್ರಿಕೆ 1978ರಲ್ಲಿ ಶುರುವಾಯಿತು.

ಉಲ್ಲೇಖಗಣನೆಗೆ ಇಂದಿನ ರೂಪ ಕೊಟ್ಟವರು ಯೂಜೀನ್ ಗಾರ್ಫೀಲ್ಡ್ (1925–2017). ಶೆಪರ್ಡ್ ಸಂಸ್ಥೆಯಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ಬರೆದ ಪತ್ರದಿಂದ ಕಾನೂನು ಸೂಚಿಯ ವಿಷಯ ತಿಳಿದ ಅವರು, 1955ರಲ್ಲಿ ವಿಜ್ಞಾನಕ್ಕೂ ಅಂಥದೊಂದು ಸೂಚಿ ಬೇಕೆಂದು 'ಸೈನ್ಸ್' ಪತ್ರಿಕೆಯಲ್ಲಿ ವಾದಿಸಿದರು. ಒಂದು ಲೇಖನವನ್ನು ಕಣ್ಣುಮುಚ್ಚಿ ನಂಬುವ ಮೊದಲು ಅದನ್ನು ಯಾರಾದರೂ ಖಂಡಿಸಿದ್ದಾರೆಯೇ ಎಂದು ನೋಡುವ ಸೌಲಭ್ಯವಿರಲಿ ಎಂಬುದು ಅವರ ಆಶಯ. ಫಿಲಡೆಲ್ಫಿಯಾದಲ್ಲಿ ಅವರು ಕಟ್ಟಿದ ಸಂಸ್ಥೆ 1961ರ 613 ಪತ್ರಿಕೆಗಳನ್ನು ಜಾಲಾಡಿ, ಸುಮಾರು 14 ಲಕ್ಷ ಉಲ್ಲೇಖಗಳನ್ನು ಹೆಕ್ಕಿ, ಐದು ಸಂಪುಟಗಳ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಮುದ್ರಿಸಿತು. ಸಮಾಜವಿಜ್ಞಾನಗಳ ಸೂಚಿ 1973ರಲ್ಲಿ, ಕಲೆ ಮತ್ತು ಮಾನವಿಕಗಳ ಸೂಚಿ 1978ರಲ್ಲಿ ಬಂದವು. ಇದೇ ಕೆಲಸ ಇಂದು ಕ್ಲ್ಯಾರಿವೇಟ್ ಕಂಪನಿಯ ಒಡೆತನದ 'ವೆಬ್ ಆಫ್ ಸೈನ್ಸ್' ಎಂಬ ಹೆಸರಿನಲ್ಲಿ ಮುಂದುವರಿದಿದೆ. ಎಲ್ಸಿವಿಯರ್ ಕಂಪನಿಯ 'ಸ್ಕೋಪಸ್' ಮತ್ತು ಗೂಗಲ್‌ನ 'ಗೂಗಲ್ ಸ್ಕಾಲರ್' ಎರಡೂ 2004ರಲ್ಲಿ ಪೈಪೋಟಿಗೆ ಇಳಿದವು. ಮೊದಲ ಎರಡಕ್ಕೆ ಸಂಸ್ಥೆಗಳು ದೊಡ್ಡ ಮೊತ್ತದ ಚಂದಾ ಕಟ್ಟಬೇಕು. ಮೂರನೆಯದು ಪುಕ್ಕಟೆ, ಆದರೆ ಅದರ ಬಲೆಗೆ ಏನು ಬಿದ್ದರೂ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಒಬ್ಬರ ಉಲ್ಲೇಖಸಂಖ್ಯೆ ಎಷ್ಟು ಎಂದು ಕೇಳಿದರೆ ಮೂರು ಕಡೆ ಮೂರು ಉತ್ತರ ಬರುತ್ತದೆ. ಮೂರರಲ್ಲಿ ಯಾವುದು ಎಂದು ಹೇಳದ ಸಂಖ್ಯೆಗೆ ಅರ್ಥವಿಲ್ಲ.

ಅಳತೆಗೋಲುಗಳು

ಹೆಚ್ಚು ಪ್ರಚಾರದಲ್ಲಿರುವವು ಎರಡು. ಮೊದಲನೆಯದು ಇಂಪ್ಯಾಕ್ಟ್ ಫ್ಯಾಕ್ಟರ್. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಸಿಕ್ಕಿತು ಎಂಬುದು ಇದರ ತಿರುಳು. ಇದು ಪತ್ರಿಕೆಯ ಅಳತೆ, ಲೇಖಕರದ್ದಲ್ಲ. ಆದರೂ ಸಂದರ್ಶನ ಸಮಿತಿಗಳು ಅಭ್ಯರ್ಥಿಯ ಯೋಗ್ಯತೆಯನ್ನು ಇದರಿಂದಲೇ ತೂಗುವುದುಂಟು. ಆ ತೂಕ ಎಷ್ಟು ಪೊಳ್ಳಾಗಬಹುದು ಎಂಬುದಕ್ಕೆ 'ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ' ಪತ್ರಿಕೆಯ ಕತೆ ಸಾಕು. 2008ರಲ್ಲಿ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಸುಮಾರು 2. 2009ರಲ್ಲಿ ಅದು 49.9ಕ್ಕೆ ಜಿಗಿಯಿತು. ನಡೆದದ್ದಿಷ್ಟೇ: ಜಾರ್ಜ್ ಶೆಲ್ಡ್ರಿಕ್ ಅವರು ತಾವು ಬರೆದ ಶೆಲ್‌ಎಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶದ ಚರಿತ್ರೆಯನ್ನು 2008ರ ಜನವರಿಯಲ್ಲಿ ಅಲ್ಲಿ ಪ್ರಕಟಿಸಿದರು. ಹರಳುಗಳ ರಚನೆಯನ್ನು ಬಿಡಿಸುವವರಲ್ಲಿ ಹೆಚ್ಚಿನವರು ಬಳಸುತ್ತಿದ್ದ ತಂತ್ರಾಂಶ ಅದು. ಬಳಸಿದವರೆಲ್ಲ ಆ ಲೇಖನವನ್ನು ಹೆಸರಿಸಿದರು. ಅದೇ ಸಂಚಿಕೆಯಲ್ಲಿ ಬರೆದ ಉಳಿದವರಿಗೆ ಅದರಿಂದ ಒಂದು ಉಲ್ಲೇಖವೂ ಹೆಚ್ಚಲಿಲ್ಲ, ಆದರೆ ಅವರ ಪತ್ರಿಕೆ ಮಾತ್ರ ಜಗತ್ತಿನ ಅಗ್ರಪಂಕ್ತಿಗೆ ಬಂದು ಕೂತಿತು. ಎರಡು ವರ್ಷದ ಕಿಟಕಿ ಮುಚ್ಚಿದ ಮೇಲೆ, 2011ರಲ್ಲಿ, ಅದು ಮತ್ತೆ 2ರ ಆಸುಪಾಸಿಗೆ ಇಳಿಯಿತು.

ಎರಡನೆಯದು ಎಚ್-ಇಂಡೆಕ್ಸ್. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಇದನ್ನು ಮುಂದಿಟ್ಟರು. ಸಂಶೋಧಕರ ಲೇಖನಗಳನ್ನು ಉಲ್ಲೇಖಸಂಖ್ಯೆಯ ಇಳಿಕೆಕ್ರಮದಲ್ಲಿ ಜೋಡಿಸಬೇಕು. ಒಬ್ಬರ ಏಳು ಲೇಖನಗಳಿಗೆ ಕ್ರಮವಾಗಿ 40, 22, 9, 5, 5, 2, 0 ಉಲ್ಲೇಖಗಳಿವೆ ಎನ್ನೋಣ. ಐದನೆಯ ಲೇಖನಕ್ಕೆ ಐದು ಉಲ್ಲೇಖ ಇದೆ, ಆರನೆಯದಕ್ಕೆ ಆರು ಇಲ್ಲ. ಹಾಗಾಗಿ ಅವರ ಎಚ್ 5. ಬರೆದ ಪ್ರಮಾಣವನ್ನೂ ಅದರ ಪರಿಣಾಮವನ್ನೂ ಒಂದೇ ಅಂಕೆಯಲ್ಲಿ ಹಿಡಿಯುವ ಜಾಣತನ ಇದಕ್ಕಿದೆ. ಲೆಕ್ಕ ಸುಲಭ, ಬೆರಳೆಣಿಕೆಯಲ್ಲೇ ಮುಗಿಯುತ್ತದೆ. ಇದು ಹಬ್ಬಿದ ವೇಗಕ್ಕೆ ಆ ಸುಲಭತೆಯೇ ಕಾರಣ. ಹುಳುಕೂ ಅಲ್ಲೇ ಇದೆ. ಇಡೀ ಜೀವನವನ್ನು ಎರಡು ಗ್ರಂಥಗಳಿಗೆ ಮುಡಿಪಾಗಿಟ್ಟವರ ಎಚ್ 2ನ್ನು ದಾಟುವುದಿಲ್ಲ, ಆ ಗ್ರಂಥಗಳಿಗೆ ಐದೈದು ಸಾವಿರ ಉಲ್ಲೇಖ ಬಂದರೂ ಅಷ್ಟೆ. ಈ ಅಂಕೆ ಎಂದೂ ಇಳಿಯುವುದಿಲ್ಲ, ನಿವೃತ್ತರಾದ ಮೇಲೂ ಏರುತ್ತಲೇ ಇರಬಹುದು. ಕೊನೆಗೆ 2020ರಲ್ಲಿ ಹಿರ್ಷ್ ಅವರೇ ತಮ್ಮ ಕೂಸಿನಿಂದ ಕೆಟ್ಟ ಪರಿಣಾಮಗಳೂ ಆಗಿವೆ ಎಂದು ಬರೆದರು.

ಇವೆರಡರ ಜೊತೆಗೆ ಜಿ-ಇಂಡೆಕ್ಸ್, ಐ10 ಮುಂತಾದ ಹತ್ತಾರು ಸೂಚ್ಯಂಕಗಳಿವೆ. ಅವು ಬಹುಪಾಲು ಎಚ್‌ನ ಮೇಲಿನ ರಿಪೇರಿ ಕೆಲಸಗಳೇ.

ಶಾಖೆಯಿಂದ ಶಾಖೆಗೆ

ಹಿರ್ಷ್ ತಮ್ಮ ಮೊದಲ ಲೇಖನದಲ್ಲೇ ಒಂದು ಹೋಲಿಕೆಯನ್ನು ಕೊಟ್ಟಿದ್ದರು. ಭೌತವಿಜ್ಞಾನಿಗಳಲ್ಲಿ ಆಗ ಅತಿ ಹೆಚ್ಚಿನ ಎಚ್ ಇದ್ದದ್ದು ಎಡ್ವರ್ಡ್ ವಿಟ್ಟನ್ ಅವರಿಗೆ: 110. ಜೀವವಿಜ್ಞಾನಿಗಳಲ್ಲಿ ಸಾಲೊಮನ್ ಸ್ನೈಡರ್ ಅವರಿಗೆ: 191. ಸ್ನೈಡರ್ ವಿಟ್ಟನ್‌ಗಿಂತ ಮುಕ್ಕಾಲು ಪಾಲು ಹೆಚ್ಚು ದೊಡ್ಡ ವಿಜ್ಞಾನಿ ಎಂದು ಇದರಿಂದ ಯಾರೂ ಹೇಳಲಾರರು. ಅವರಿಬ್ಬರೂ ಬದುಕಿದ ಸಂಶೋಧನ ಸಮುದಾಯಗಳ ಗಾತ್ರ ಬೇರೆ, ಬರೆಯುವ ರೂಢಿ ಬೇರೆ.

ವ್ಯತ್ಯಾಸಕ್ಕೆ ಕಾರಣಗಳು ಹಲವು. ಜೀವವಿಜ್ಞಾನದ ಒಂದು ಲೇಖನದ ಕೊನೆಯಲ್ಲಿ ಐವತ್ತು ಆಕರಗಳಿರುವುದು ಸಾಮಾನ್ಯ, ಗಣಿತದ ಲೇಖನದಲ್ಲಿ ಹದಿನೈದು ಇಪ್ಪತ್ತಕ್ಕೆ ಮುಗಿಯಬಹುದು. ಹಂಚುವ ಉಲ್ಲೇಖಗಳೇ ಕಡಿಮೆಯಾದಾಗ ಸಿಗುವ ಉಲ್ಲೇಖಗಳೂ ಕಡಿಮೆ. ವೈದ್ಯಕೀಯದಲ್ಲಿ ಲೇಖನ ಎರಡು ಮೂರು ವರ್ಷಗಳಲ್ಲಿ ಹಳತಾಗುತ್ತದೆ, ಗಣಿತದಲ್ಲಿ ಮೂವತ್ತು ವರ್ಷದ ಹಿಂದಿನ ಪ್ರಮೇಯವನ್ನು ನಿನ್ನೆಯದೆಂಬಂತೆ ಬಳಸುತ್ತಾರೆ. ಎರಡು ವರ್ಷದ ಕಿಟಕಿಯಿಂದ ನೋಡುವ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಗಣಿತ ಕಾಣಿಸುವುದೇ ಇಲ್ಲ ಎನ್ನಬೇಕು. ಪ್ರಕಟಿಸುವ ರೀತಿಯೂ ಒಂದೇ ಅಲ್ಲ. ಕಂಪ್ಯೂಟರ್ ವಿಜ್ಞಾನದವರಿಗೆ ಸಮ್ಮೇಳನದ ನಡಾವಳಿಯೇ ಮುಖ್ಯ, ಇತಿಹಾಸಕಾರರಿಗೆ ಗ್ರಂಥವೇ ಸರ್ವಸ್ವ. ಗ್ರಿಗೊರಿ ಪೆರೆಲ್ಮನ್ ಪ್ವಾಂಕರೆಯ ಊಹೆಯನ್ನು ಸಾಧಿಸಿದ್ದು 2002–03ರಲ್ಲಿ 'ಆರ್ಕೈವ್' ಜಾಲತಾಣಕ್ಕೆ ಏರಿಸಿದ ಮೂರು ಬರಹಗಳಲ್ಲಿ. ಅವನ್ನು ಅವರು ಯಾವ ಪತ್ರಿಕೆಗೂ ಕಳಿಸಲಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಅಂಕ ಕೊಡುವ ಸಮಿತಿಯ ಮುಂದೆ ಆ ಮೂರಕ್ಕೂ ಸಿಗುವುದು ಸೊನ್ನೆ. 2006ರಲ್ಲಿ ಫೀಲ್ಡ್ಸ್ ಪದಕ, 2010ರಲ್ಲಿ ಹತ್ತು ಲಕ್ಷ ಡಾಲರಿನ ಬಹುಮಾನ ಅವರನ್ನು ಹುಡುಕಿಕೊಂಡು ಬಂದವು. ಎರಡನ್ನೂ ಅವರು ಒಲ್ಲೆನೆಂದರು.

ಒಂದೇ ಶಾಖೆಯ ಒಳಗೂ ಯಾವ ಬಗೆಯ ಕೆಲಸ ಎಂಬುದು ಮುಖ್ಯವಾಗುತ್ತದೆ. 'ನೇಚರ್' ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಲೇಖನಗಳ ಪಟ್ಟಿ ಮಾಡಿಸಿತು. ಮೊದಲ ಸ್ಥಾನದಲ್ಲಿದ್ದದ್ದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಕುರಿತು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು. ಅದಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ. ಎರಡನೆಯ ಮತ್ತು ಮೂರನೆಯ ಸ್ಥಾನಗಳೂ ಪ್ರೋಟೀನ್ ಪ್ರಯೋಗವಿಧಾನಗಳಿಗೇ ಹೋದವು. ನೂರರ ಸಾಲಿಗೆ ಸೇರಲು 12,000ಕ್ಕೂ ಹೆಚ್ಚು ಉಲ್ಲೇಖ ಬೇಕಿತ್ತು. ಡಿಎನ್‌ಎಯ ಜೋಡಿ ಸುರುಳಿಯನ್ನು ತೋರಿಸಿಕೊಟ್ಟ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನ ಆ ಪಟ್ಟಿಯಲ್ಲಿ ಇಲ್ಲ. ಪ್ರಯೋಗಾಲಯದಲ್ಲಿ ದಿನವೂ ಕೈಗೆ ಬೇಕಾಗುವ ವಿಧಾನಕ್ಕೆ ಉಲ್ಲೇಖ ಸಿಗುವಷ್ಟು, ನೋಟವನ್ನೇ ಬದಲಿಸಿದ ಶೋಧಕ್ಕೆ ಸಿಗುವುದಿಲ್ಲ.

ಹೊಗಳಿಕೆಗೂ ತೆಗಳಿಕೆಗೂ ಎಣಿಕೆಯಲ್ಲಿ ಭೇದವಿಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆ್ಯಂಡ್ರೂ ವೇಕ್‌ಫೀಲ್ಡ್ ಅವರ 1998ರ 'ಲ್ಯಾನ್ಸೆಟ್' ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಅಲ್ಲಗಳೆಯಲು ಬರೆದವರೂ ಅದನ್ನು ಹೆಸರಿಸಲೇಬೇಕಾಯಿತು. ಅದರ ಉಲ್ಲೇಖಸಂಖ್ಯೆ ಬಹುಪಾಲು ಒಳ್ಳೆಯ ವಿಜ್ಞಾನಿಗಳಿಗೆ ದಕ್ಕದಷ್ಟಿದೆ.

ಈ ಅಸಮಾನತೆಯನ್ನು ಸರಿದೂಗಿಸಲು ಕ್ಷೇತ್ರವಾರು ಸರಾಸರಿಯಿಂದ ಭಾಗಿಸುವ ವಿಧಾನ ಬಂದಿದೆ. ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಕೇಂದ್ರವೊಂದು ಈ ದಿಕ್ಕಿನಲ್ಲಿ ಬಹಳ ಕೆಲಸ ಮಾಡಿದೆ. ಒಂದು ವರ್ಷದ ಗಣಿತ ಲೇಖನಗಳಿಗೆ ಸರಾಸರಿ 4 ಉಲ್ಲೇಖ ಬಂದಿವೆ, ಅದೇ ವರ್ಷದ ಜೀವಕೋಶ ವಿಜ್ಞಾನದ ಲೇಖನಗಳಿಗೆ ಸರಾಸರಿ 25 ಎಂದಿಟ್ಟುಕೊಳ್ಳಿ. ಆಗ 12 ಉಲ್ಲೇಖದ ಗಣಿತ ಲೇಖನಕ್ಕೆ 3 ಅಂಕ, 50 ಉಲ್ಲೇಖದ ಜೀವಕೋಶ ಲೇಖನಕ್ಕೆ 2 ಅಂಕ. ನ್ಯಾಯವಾಗಿಯೇ ಇದೆ. ತೊಡಕು ಬರುವುದು ಒಬ್ಬರನ್ನು ಯಾವ ಕ್ಷೇತ್ರಕ್ಕೆ ಸೇರಿಸಬೇಕು ಎಂಬಲ್ಲಿ.

ಹರ್ಬರ್ಟ್ ಸೈಮನ್: ಒಂದು ನಿದರ್ಶನ

ಹರ್ಬರ್ಟ್ ಸೈಮನ್ (1916–2001) ಶಿಕಾಗೊ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಪಿಟ್ಸ್‌ಬರ್ಗ್‌ನಲ್ಲಿ, ಈಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಎನಿಸಿರುವ ಸಂಸ್ಥೆಯಲ್ಲಿ, 1949ರಿಂದ ಕೊನೆಯವರೆಗೆ ದುಡಿದರು. 1975ರಲ್ಲಿ ಅಲೆನ್ ನ್ಯೂಯೆಲ್ ಜೊತೆ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿಯನ್ನೂ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನೂ ಪಡೆದರು. ಅವರ ಪ್ರಕಟಣೆಗಳ ಪಟ್ಟಿಯನ್ನು ಬಿಡಿಸಿ ನೋಡಿದರೆ ಒಂದೊಂದು ಬರಹಕ್ಕೂ ಒಂದೊಂದು ಬೇರೆಯೇ ಓದುಗವರ್ಗ. 'ಅಡ್ಮಿನಿಸ್ಟ್ರೇಟಿವ್ ಬಿಹೇವಿಯರ್' (1947) ಆಡಳಿತಶಾಸ್ತ್ರದವರದು. ಮನುಷ್ಯರು ಅತ್ಯುತ್ತಮವಾದದ್ದನ್ನು ಹುಡುಕುತ್ತ ಹೋಗದೆ ಸಾಕೆನಿಸಿದ್ದಕ್ಕೆ ನಿಲ್ಲುತ್ತಾರೆ ಎಂದು ತೋರಿಸಿದ 1955ರ ಲೇಖನ ಅರ್ಥಶಾಸ್ತ್ರಜ್ಞರದು. 1962ರ 'ದಿ ಆರ್ಕಿಟೆಕ್ಚರ್ ಆಫ್ ಕಾಂಪ್ಲೆಕ್ಸಿಟಿ' ಪ್ರಕಟವಾದದ್ದು ಅಮೆರಿಕದ ಹಳೆಯ ವಿದ್ವತ್ಸಭೆಯೊಂದರ ನಡಾವಳಿಯಲ್ಲಿ, ಅದನ್ನು ಎತ್ತಿಕೊಂಡವರು ಜೀವವಿಜ್ಞಾನದಿಂದ ಎಂಜಿನಿಯರಿಂಗ್‌ವರೆಗಿನ ವ್ಯವಸ್ಥಾಚಿಂತಕರು. ಚದುರಂಗದ ನುರಿತ ಆಟಗಾರರು ಹಾಸನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎಂಬ ಬಗ್ಗೆ ವಿಲಿಯಂ ಚೇಸ್ ಜೊತೆ ಬರೆದ 1973ರ ಲೇಖನ ಮನೋವಿಜ್ಞಾನದ ಪಠ್ಯಗಳಲ್ಲೆಲ್ಲ ಇದೆ.

ಸೈಮನ್‌ರನ್ನು ಯಾವ ಕ್ಷೇತ್ರದ ಸರಾಸರಿಯಿಂದ ಭಾಗಿಸಬೇಕು? ಲೇಖನ ಪ್ರಕಟವಾದ ಪತ್ರಿಕೆಯನ್ನು ನೋಡಿ ಕ್ಷೇತ್ರ ನಿಗದಿ ಮಾಡುವುದು ಇಂದಿನ ರೂಢಿ. ಹಾಗೆ ಮಾಡಿದರೆ 1962ರ ಲೇಖನ ಮಾನವಿಕಗಳ ಬುಟ್ಟಿಗೆ ಬೀಳಬಹುದು, ಅಲ್ಲಿನ ಕಡಿಮೆ ಸರಾಸರಿಯಿಂದ ಅದರ ಅಂಕ ಮಿತಿಮೀರಿ ಉಬ್ಬಬಹುದು. ಗ್ರಂಥಗಳಿಗೆ ಬಂದ ಉಲ್ಲೇಖಗಳನ್ನು ಕೈಬಿಟ್ಟರೆ ಅರ್ಧ ಸೈಮನ್ ಮಾಯ. ನನ್ನ ಮಟ್ಟಿಗೆ, ಇಂಥವರಿಗೆ ಒಂದೇ ಅಂಕೆ ಕೊಡುವ ಪ್ರಯತ್ನವೇ ತಪ್ಪು. ಯಾವ ಬರಹವನ್ನು ಯಾವ ಶಾಖೆಯವರು ಯಾವ ಕಾಲದಲ್ಲಿ ಎತ್ತಿಕೊಂಡರು ಎಂಬ ನಕ್ಷೆಯೇ ಅವರ ಬಗ್ಗೆ ನಿಜ ಹೇಳುತ್ತದೆ.

ವಿಶೇಷವೆಂದರೆ ಉಲ್ಲೇಖಗಳ ಓರೆ ಹಂಚಿಕೆಗೆ ಗಣಿತದ ವಿವರಣೆ ಕೊಟ್ಟವರಲ್ಲಿ ಸೈಮನ್ ಅವರೇ ಒಬ್ಬರು. 1955ರಲ್ಲಿ 'ಬಯೊಮೆಟ್ರಿಕಾ' ಪತ್ರಿಕೆಯಲ್ಲಿ, ಪಠ್ಯದಲ್ಲಿನ ಪದಗಳ ಆವರ್ತನ, ಊರುಗಳ ಜನಸಂಖ್ಯೆ, ವಿಜ್ಞಾನಿಗಳ ಲೇಖನಸಂಖ್ಯೆ ಇವೆಲ್ಲ ಒಂದೇ ಬಗೆಯ ಓರೆಯನ್ನು ತೋರುವುದೇಕೆ ಎಂದು ಅವರು ವಿವರಿಸಿದರು: ಈಗಾಗಲೇ ಇರುವವರಿಗೆ ಇನ್ನಷ್ಟು ಬರುವ ಸಂಭವ ಹೆಚ್ಚು. ಯೇಲ್ ವಿಶ್ವವಿದ್ಯಾಲಯದ ವಿಜ್ಞಾನ ಇತಿಹಾಸಕಾರ ಡೆರೆಕ್ ಡಿ ಸೋಲಾ ಪ್ರೈಸ್ 1976ರಲ್ಲಿ ಇದನ್ನು ಉಲ್ಲೇಖಗಳಿಗೆ ಅನ್ವಯಿಸಿದರು. ಹೆಸರಾದವರಿಗೇ ಮತ್ತೆ ಹೆಸರು ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ 'ಮ್ಯಾಥ್ಯೂ ಪರಿಣಾಮ' ಎಂದು ಕರೆದಿದ್ದರು. 1999ರಲ್ಲಿ ಬರಾಬಾಶಿ ಮತ್ತು ಆಲ್ಬರ್ಟ್ ಇದೇ ತತ್ತ್ವವನ್ನು ಜಾಲಗಳ ಅಧ್ಯಯನದಲ್ಲಿ ಮರುಶೋಧಿಸಿದರು, ಮತ್ತು ಅವರ ಲೇಖನಕ್ಕೆ ಪ್ರೈಸ್ ಅವರದ್ದಕ್ಕಿಂತ ಹಲವು ಪಟ್ಟು ಉಲ್ಲೇಖ ಸಿಕ್ಕಿತು. ಪ್ರೈಸ್ ಬದುಕಿದ್ದರೆ ತಮ್ಮ ಸಿದ್ಧಾಂತಕ್ಕೆ ಸಿಕ್ಕ ಈ ಪುರಾವೆಗೆ ನಗುತ್ತಿದ್ದರೇನೋ.

ಲೆಕ್ಕಕ್ಕೆ ಸಿಗದ ಪ್ರಭಾವ

ಒಂದು ಶೋಧ ತೀರಾ ಯಶಸ್ವಿಯಾದರೆ ಅದರ ಮೂಲವನ್ನು ಹೆಸರಿಸುವುದನ್ನೇ ಜನ ಬಿಡುತ್ತಾರೆ. ಸಿ.ವಿ. ರಾಮನ್ ತಮ್ಮ ಶೋಧವನ್ನು ಸವಿವರವಾಗಿ ವಿವರಿಸಿದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಆ ಉಪನ್ಯಾಸ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅಚ್ಚಾಯಿತು. ಇಂದು ಔಷಧ ಕಾರ್ಖಾನೆಯಿಂದ ಹಿಡಿದು ಹಳೆಯ ವರ್ಣಚಿತ್ರಗಳ ಪರೀಕ್ಷೆಯವರೆಗೆ ರಾಮನ್ ರೋಹಿತದರ್ಶಕ ಬಳಸಿದ ಲೇಖನಗಳು ಲೆಕ್ಕವಿಲ್ಲದಷ್ಟು ಬರುತ್ತವೆ. ಅವುಗಳಲ್ಲಿ ಬಹುಪಾಲು 1928ರ ಬರಹವನ್ನು ಆಕರಸೂಚಿಯಲ್ಲಿ ಸೇರಿಸುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಪ್ರೋಟೀನ್ ರಚನೆ ಸರಿಯಿದೆಯೇ ಎಂದು ನೋಡಲು ಜಗತ್ತಿನಾದ್ಯಂತ ಬಳಸುವ ರಾಮಚಂದ್ರನ್ ನಕ್ಷೆಯದೂ ಇದೇ ಪಾಡು. ಜಿ.ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು ಮದರಾಸಿನಲ್ಲಿದ್ದಾಗ 1963ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಸಮಾಜವಿಜ್ಞಾನದಲ್ಲಿ ಎಂ.ಎನ್. ಶ್ರೀನಿವಾಸ್ ಅವರ ಉದಾಹರಣೆ ಇದೆ. ಕೊಡವರ ಬಗ್ಗೆ 1952ರಲ್ಲಿ ಬಂದ ಅವರ ಗ್ರಂಥದಿಂದ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆ ಹೊರಬಿತ್ತು. ಇಂದು ಪದವಿ ತರಗತಿಯ ನೋಟ್ಸಿನಲ್ಲೂ ಚುನಾವಣೆ ವಿಶ್ಲೇಷಣೆಯಲ್ಲೂ ಆ ಮಾತು, ಜೊತೆಗೆ 'ಪ್ರಬಲ ಜಾತಿ' ಎಂಬುದು, ಯಾರದೆಂಬ ಹಂಗಿಲ್ಲದೆ ಓಡಾಡುತ್ತಿವೆ.

ಆರ್. ಶಾಮಶಾಸ್ತ್ರಿಗಳ ವಿಷಯ ಇನ್ನೂ ಸ್ವಾರಸ್ಯಕರ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಸಂಸ್ಕೃತ ಪಾಠವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಹೊರತಂದವರು ಅವರು. ಪ್ರಾಚೀನ ಭಾರತದ ರಾಜಕೀಯ ಚಿಂತನೆಯ ಬಗ್ಗೆ ಇದ್ದ ತಿಳಿವಳಿಕೆ ಅದರಿಂದ ಬುಡಮೇಲಾಯಿತು. ಆದರೆ ಇಂದಿನ ವಿದ್ವಾಂಸರು ಹೆಸರಿಸುವುದು ಹೆಚ್ಚಾಗಿ ಆರ್.ಪಿ. ಕಂಗ್ಲೆ ಅವರ ಪರಿಷ್ಕೃತ ಆವೃತ್ತಿಯನ್ನು ಅಥವಾ ಪ್ಯಾಟ್ರಿಕ್ ಒಲಿವೆಲ್ ಅವರ 2013ರ ಅನುವಾದವನ್ನು. ಗ್ರಂಥಸಂಪಾದನೆಯಲ್ಲಿ ಹೊಸ ಆವೃತ್ತಿ ಬಂದ ದಿನ ಹಳೆಯದರ ಎಣಿಕೆ ನಿಲ್ಲುತ್ತದೆ, ಹೊಸದು ಹಳೆಯದರ ಬೆನ್ನ ಮೇಲೆಯೇ ನಿಂತಿದ್ದರೂ. ಕಿಟ್ಟೆಲ್ ಅವರ 1894ರ ನಿಘಂಟನ್ನು ತಿರುವಿಹಾಕದ ಕನ್ನಡ ಸಂಶೋಧಕರಿಲ್ಲ. ಪದಾರ್ಥ ನೋಡಿಕೊಂಡ ಪ್ರತಿ ಬಾರಿಯೂ ಅಡಿಟಿಪ್ಪಣಿ ಹಾಕುವವರೂ ಇಲ್ಲ.

ಮಾನವಿಕಗಳಲ್ಲಿ ಉಲ್ಲೇಖ ಬಾರದಿರುವುದು ಅಪವಾದವಲ್ಲ, ಅದೇ ಸಹಜಸ್ಥಿತಿ. ಗಾರ್ಫೀಲ್ಡ್ ಸಂಸ್ಥೆಯ ಅಂಕಿಅಂಶಗಳನ್ನು ಆಧರಿಸಿ 1990ರ ದಶಕದ ಆರಂಭದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ವರದಿಯೊಂದು ಗದ್ದಲ ಎಬ್ಬಿಸಿತ್ತು. ಪುಸ್ತಕ ವಿಮರ್ಶೆ, ಸಂಪಾದಕೀಯ ಮುಂತಾದವನ್ನು ಬಿಟ್ಟು ಲೆಕ್ಕ ಹಾಕಿದರೂ, ಕಲೆ ಮತ್ತು ಮಾನವಿಕ ಪತ್ರಿಕೆಗಳ ಲೇಖನಗಳಲ್ಲಿ ಶೇ 90ಕ್ಕೂ ಹೆಚ್ಚಿನವಕ್ಕೆ ಮೊದಲ ಕೆಲವು ವರ್ಷಗಳಲ್ಲಿ ಒಂದೂ ಉಲ್ಲೇಖ ಬಂದಿರಲಿಲ್ಲ. ಇವನ್ನು ಯಾರೂ ಓದುವುದಿಲ್ಲ ಎಂದು ಕೆಲವರು ತೀರ್ಮಾನಿಸಿದರು. ಪತ್ರಿಕೆಗಳನ್ನು ಮಾತ್ರ ಜಾಲಾಡುವ ಸೂಚಿಗೆ ಗ್ರಂಥಗಳಲ್ಲಿ ನಡೆಯುವ ಸಂವಾದ ಕಾಣುವುದಿಲ್ಲ ಎಂಬುದು ಹೆಚ್ಚು ಸರಿಯಾದ ವಿವರಣೆ.

ಹೆಸರು ಮತ್ತು ಪಾಲು

ಎಣಿಸುವ ಮೊದಲು ಯಾರ ಲೇಖನ ಯಾರದು ಎಂದು ಗೊತ್ತಾಗಬೇಕು. ಯುರೋಪಿನ ಕುಲನಾಮಗಳಿಗಾಗಿ ಕಟ್ಟಿದ ದತ್ತಾಂಶಗಳಲ್ಲಿ ಕರ್ನಾಟಕದ ಹೆಸರುಗಳು ಒದ್ದಾಡುತ್ತವೆ. ನಮ್ಮಲ್ಲಿ ಹೆಸರಿನ ಹಿಂದಿನ ಇನಿಷಿಯಲ್ ಊರಿನದ್ದೋ ತಂದೆಯದ್ದೋ ಆಗಿರುತ್ತದೆ. ಅರ್ಜಿ ತುಂಬುವಾಗ ಅದನ್ನೇ ಕುಲನಾಮದ ಖಾನೆಯಲ್ಲಿ ಹಾಕಿದರೆ ಮಂಜುನಾಥ ಎಂಬವರು ಒಂದು ಲೇಖನದಲ್ಲಿ 'ಎಸ್' ಆಗಿ, ಇನ್ನೊಂದರಲ್ಲಿ 'ಮಂಜುನಾಥ್' ಆಗಿ, ಮತ್ತೊಂದರಲ್ಲಿ 'ಮಂಜುನಾಥ' ಆಗಿ ಮೂವರಾಗುತ್ತಾರೆ. ಪಾಸ್‌ಪೋರ್ಟಿಗಾಗಿ ಇನಿಷಿಯಲ್ ಬಿಡಿಸಿ ಬರೆದ ಮೇಲೆ ನಾಲ್ಕನೆಯವರೂ ಹುಟ್ಟುತ್ತಾರೆ. ಹೀಗೆ ಚೂರಾದ ದಾಖಲೆಯಿಂದ ಎಚ್ ಕುಗ್ಗುತ್ತದೆ. ಒಂದೇ ಹೆಸರಿನ ಹಲವರು ಬೆರೆತರೆ ಉಬ್ಬುತ್ತದೆ. 2012ರಲ್ಲಿ ಆರಂಭವಾದ 'ಆರ್ಕಿಡ್' ಎಂಬ ಹದಿನಾರು ಅಂಕಿಯ ಗುರುತಿನ ಸಂಖ್ಯೆ ಇದಕ್ಕೆ ಪರಿಹಾರ. ಸಂಶೋಧನೆಗೆ ಕಾಲಿಡುವ ವಿದ್ಯಾರ್ಥಿಗಳು ಮೊದಲ ಲೇಖನಕ್ಕೂ ಮುಂಚೆ ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಸಹಲೇಖಕರ ಪಾಲು ಇನ್ನೊಂದು ತಲೆನೋವು. ಗಣಿತದಲ್ಲಿ, ಅರ್ಥಶಾಸ್ತ್ರದಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕಾರಾದಿಯಲ್ಲಿರುತ್ತವೆ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಬೆಂಚಿನ ಮುಂದೆ ದುಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಹಿಗ್ಸ್ ಕಣದ ರಾಶಿಯನ್ನು ಅಳೆದ 2015ರ ಲೇಖನಕ್ಕೆ 5,154 ಲೇಖಕರು; 33 ಪುಟಗಳಲ್ಲಿ 24 ಪುಟ ಹೆಸರುಗಳು ಮತ್ತು ಸಂಸ್ಥೆಗಳೇ. ಅದರ ಪ್ರತಿ ಉಲ್ಲೇಖವೂ ಅಷ್ಟೂ ಜನರ ಖಾತೆಗೆ ಪೂರ್ತಿಯಾಗಿ ಜಮೆಯಾಗುತ್ತದೆ. ಆ ಕಣವನ್ನು ಮುನ್ನುಡಿದ ಪೀಟರ್ ಹಿಗ್ಸ್ 1964ರ ನಂತರ ಬರೆದದ್ದು ಹತ್ತಕ್ಕಿಂತ ಕಡಿಮೆ ಲೇಖನ. ಇಂದಿನ ಕಾಲದಲ್ಲಾಗಿದ್ದರೆ ತಮಗೆ ಕೆಲಸ ಸಿಗುತ್ತಿರಲಿಲ್ಲ ಎಂದು ನೊಬೆಲ್ ಬಂದ 2013ರಲ್ಲಿ ಅವರು ಹೇಳಿಕೊಂಡರು.

ಸ್ಟ್ಯಾನ್‌ಫರ್ಡ್ ಪಟ್ಟಿ ಎನಿಸಿಕೊಂಡದ್ದು ಈ ಪಾಲಿನ ಸಮಸ್ಯೆಯನ್ನು ಬಿಡಿಸುವ ಒಂದು ಯತ್ನ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಸ್ಕೋಪಸ್ ದತ್ತಾಂಶದಿಂದ ಇದನ್ನು ಸಿದ್ಧಪಡಿಸಿದರು. ಆರು ಸೂಚ್ಯಂಕಗಳನ್ನು ಬೆರೆಸಿದ ಈ ಅಳತೆಯಲ್ಲಿ ಒಬ್ಬರೇ ಬರೆದ, ಮೊದಲ ಅಥವಾ ಕೊನೆಯ ಹೆಸರಿನಲ್ಲಿ ಬರೆದ ಲೇಖನಗಳಿಗೆ ತೂಕ ಹೆಚ್ಚು. ಉಪಕ್ಷೇತ್ರವಾರು ಮೊದಲ ಶೇ 2ರೊಳಗಿನವರನ್ನು ಗುರುತಿಸುತ್ತಾರೆ. ಸ್ವಂತ ಉಲ್ಲೇಖ ಬಿಟ್ಟ ಲೆಕ್ಕವನ್ನೂ ಕೊಡುತ್ತಾರೆ. ಜೀವಮಾನದ ಪಟ್ಟಿ ಬೇರೆ, ಒಂದು ವರ್ಷದ ಪಟ್ಟಿ ಬೇರೆ. ಸುದ್ದಿಯಲ್ಲಿ ಬರುವಾಗ ಈ ಎರಡೂ ಕಲಸಿಹೋಗುತ್ತವೆ. ಇದನ್ನು ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯೆಂಬಂತೆ ಸನ್ಮಾನ ಏರ್ಪಡಿಸುವುದು ಹಾಸ್ಯಾಸ್ಪದ.

ಕಳ್ಳದಾರಿಗಳು

ಎಣಿಕೆಗೆ ಸಂಬಳ ಅಂಟಿಕೊಂಡ ಮೇಲೆ ಎಣಿಕೆಯನ್ನು ಉಬ್ಬಿಸುವವರೂ ಬಂದರು. ಫ್ರಾನ್ಸಿನ ಸಿರಿಲ್ ಲಾಬೆ 2010ರಲ್ಲಿ ಐಕ್ ಆ್ಯಂಟ್‌ಕೇರ್ ಎಂಬ ಇಲ್ಲದ ವಿಜ್ಞಾನಿಯನ್ನು ಸೃಷ್ಟಿಸಿ, ಕಂಪ್ಯೂಟರ್ ಹೆಣೆದ ಅಸಂಬದ್ಧ ಲೇಖನಗಳು ಒಂದನ್ನೊಂದು ಹೆಸರಿಸುವಂತೆ ಮಾಡಿ, ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಆತನ ಎಚ್ ಅನ್ನು 94ಕ್ಕೆ ಏರಿಸಿ ತೋರಿಸಿದರು. 2024ರಲ್ಲಿ ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕಿನ ಹೆಸರಿನಲ್ಲಿ ಹನ್ನೆರಡು ಲೇಖನ ಹಾಕಿ ಅದರ ಎಚ್ 11 ಎನಿಸಿದರು. ಹದಿನಾಲ್ಕು ವರ್ಷ ಕಳೆದರೂ ಬಾಗಿಲಿಗೆ ಅಗುಳಿ ಬಿದ್ದಿರಲಿಲ್ಲ.

ಬೆಕ್ಕಿನದು ತಮಾಷೆ. ದುಡ್ಡು ಕೊಟ್ಟರೆ ಲೇಖನದಲ್ಲಿ ಹೆಸರು ಸೇರಿಸುವ ಪೇಪರ್ ಮಿಲ್‌ಗಳು ತಮಾಷೆಯಲ್ಲ. ವೈಲಿ ಕಂಪನಿಯ ಅಂಗವಾಗಿದ್ದ ಹಿಂದಾವಿ ಪ್ರಕಾಶನ 2023ರೊಂದರಲ್ಲೇ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಂಡಿತು, ಕೊನೆಗೆ ಆ ಹೆಸರನ್ನೇ ಕೈಬಿಡಲಾಯಿತು. ಅದೇ ವರ್ಷ ಕ್ಲ್ಯಾರಿವೇಟ್ ತನ್ನ ಅತ್ಯುಲ್ಲೇಖಿತ ಸಂಶೋಧಕರ ಪಟ್ಟಿಯಿಂದ ಗಣಿತ ವಿಭಾಗವನ್ನೇ ತೆಗೆದುಹಾಕಿತು. ಉಲ್ಲೇಖಗಳೇ ಕಡಿಮೆಯಿರುವ ಕ್ಷೇತ್ರದಲ್ಲಿ ಸಣ್ಣ ಗುಂಪೊಂದು ಕೈಜೋಡಿಸಿದರೂ ಪಟ್ಟಿ ತಲೆಕೆಳಗಾಗುತ್ತದೆ. ಇಟಲಿಯಲ್ಲಿ 2010ರ ಕಾನೂನು ಬಡ್ತಿಗೆ ಉಲ್ಲೇಖದ ಮಿತಿಗಳನ್ನು ತಂದ ಮೇಲೆ ಆ ದೇಶದವರು ತಮ್ಮವರನ್ನೇ ಹೆಸರಿಸುವ ಪ್ರಮಾಣ ಅಸಹಜವಾಗಿ ಏರಿದ್ದನ್ನು 2019ರ ಅಧ್ಯಯನ ಗುರುತಿಸಿತು. ಇವೆಲ್ಲದರ ವಿರುದ್ಧ 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಮತ್ತು 2015ರ ಲೈಡನ್ ಪ್ರಣಾಳಿಕೆ ಒಂದೇ ಮಾತನ್ನು ಹೇಳುತ್ತವೆ: ಅಂಕೆ ತಜ್ಞರ ಓದಿಗೆ ನೆರವಾಗಲಿ, ಓದಿನ ಜಾಗಕ್ಕೆ ಬಂದು ಕೂರದಿರಲಿ.

ಭಾರತದಲ್ಲಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2010ರಲ್ಲಿ ತಂದ ಅಂಕಪದ್ಧತಿಯಲ್ಲಿ ಪ್ರತಿ ಲೇಖನಕ್ಕೂ ಇಷ್ಟು ಅಂಕ ಎಂದು ನಿಗದಿಯಾಯಿತು. ಐಎಸ್‌ಎಸ್‌ಎನ್ ಎಂಬ ಪತ್ರಿಕಾ ಗುರುತಿನ ಸಂಖ್ಯೆ ಇದ್ದರೆ ಸಾಕು, ಹಣ ಕಟ್ಟಿದರೆ ವಾರದಲ್ಲಿ ಲೇಖನ ಬರುತ್ತದೆ ಎಂಬ ಪತ್ರಿಕೆಗಳು ಅಣಬೆಗಳಂತೆ ಎದ್ದವು. ಆಯೋಗವೇ ತಯಾರಿಸಿದ ಅಂಗೀಕೃತ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಅನಂತರ ಬಂದ 'ಕೇರ್' ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿ, ಪತ್ರಿಕೆಯ ಗುಣಮಟ್ಟ ತೀರ್ಮಾನಿಸುವ ಹೊಣೆಯನ್ನು ಸಂಸ್ಥೆಗಳಿಗೇ ಬಿಡಲಾಗಿದೆ. ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಿರಲೇಬೇಕು ಎಂಬ ನಿಯಮವನ್ನು 2022ರಲ್ಲಿ ಕೈಬಿಟ್ಟದ್ದು ಒಳ್ಳೆಯ ನಿರ್ಧಾರ. ಆದರೆ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ 2016ರಿಂದ ಕೊಡುತ್ತಿರುವ ಎನ್‌ಐಆರ್‌ಎಫ್ ಶ್ರೇಯಾಂಕ ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳ ಪ್ರಕಟಣೆ ಮತ್ತು ಉಲ್ಲೇಖಗಳಿಗೆ ಅಂಕ ಕೊಡುವುದರಿಂದ ಕಾಲೇಜುಗಳ ಆಡಳಿತ ಮಂಡಳಿಗಳ ಒತ್ತಡ ತಗ್ಗಿಲ್ಲ.

ಈ ಲೆಕ್ಕ ಹೊಂದುವ ಕ್ಷೇತ್ರಗಳೂ ಇವೆ. ಘನಸ್ಥಿತಿ ಮತ್ತು ದ್ರವ್ಯ ರಸಾಯನಶಾಸ್ತ್ರದಲ್ಲಿ 1,500ಕ್ಕೂ ಹೆಚ್ಚು ಲೇಖನ ಬರೆದಿರುವ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ ಭಾರತರತ್ನ ಘೋಷಣೆಯಾದ 2013ರಲ್ಲೇ ನೂರನ್ನು ಮುಟ್ಟಿತ್ತು. ಅವರ ಕ್ಷೇತ್ರದಲ್ಲಿ ಪತ್ರಿಕಾ ಲೇಖನವೇ ಪ್ರಕಟಣೆಯ ರೂಪ, ಇಂಗ್ಲಿಷೇ ಭಾಷೆ, ಓದುಗರು ಜಗತ್ತಿನಾದ್ಯಂತ. ಹಾಗಾಗಿ ಆ ಸಂಖ್ಯೆ ನಿಜವಾಗಿಯೂ ಏನನ್ನೋ ಹೇಳುತ್ತದೆ. ಅದೇ ಊರಿನ ಶಾಸನತಜ್ಞರ ಬಗ್ಗೆ ಅದು ಏನನ್ನೂ ಹೇಳದು. 1919ರಲ್ಲಿ ಆರಂಭವಾದ 'ಪ್ರಬುದ್ಧ ಕರ್ನಾಟಕ'ದಲ್ಲಿ ಬಂದ ಲೇಖನವನ್ನು ವಿಶ್ವವಿದ್ಯಾಲಯವೊಂದರ ಪ್ರಸಾರಾಂಗದ ಗ್ರಂಥ ಹೆಸರಿಸಿದರೆ ಆ ಕೊಂಡಿ ಈ ದೊಡ್ಡ ದತ್ತಾಂಶಗಳಲ್ಲಿ ದಾಖಲಾಗುವುದಿಲ್ಲ. ಕನ್ನಡ ಸಂಶೋಧನ ಪತ್ರಿಕೆಗಳು, ಸಂಭಾವನ ಗ್ರಂಥಗಳು, ಪ್ರಸಾರಾಂಗದ ಪ್ರಕಟಣೆಗಳ ಅಡಿಟಿಪ್ಪಣಿಗಳನ್ನು ಒಳಗೊಂಡ ಸೂಚಿಯೊಂದನ್ನು ಕಟ್ಟುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಅಲ್ಲಿಯತನಕ ಕನ್ನಡ ವಿಭಾಗದ ಅಧ್ಯಾಪಕರ ಬಡ್ತಿ ಅರ್ಜಿಯಲ್ಲಿ ಸ್ಕೋಪಸ್ ಸಂಖ್ಯೆಯ ಖಾನೆ ಇಡುವುದು ಸಲ್ಲದು.